ಮುತ್ತೈದೆಯರ ಮನೆತನ

"ನಮ್ಮ ಮನಿ ಹೆಣಮಕ್ಕಳು ಕುಂಕಮ ಅಳಿಸ್ಕೊಂಡವ್ರಲ್ಲ," ಎಂದು ಗುರುಲಿಂಗಪ್ಪ ಮೀಸೆ ತೀಡಿಕೊಂಡ. "ನಮ್ಮವ್ವ, ತಂಗಿ ಕರೆವ್ವ, ನಿಮ್ಮವ್ವ, ಮೂರೂ ಮಂದಿ ಗಂಡನ ಮುಂದ ಮುತ್ತೈದಿಯಾಗಿ ಹ್ವಾದ್ರು. ಅದನ್ನ ಕೇಳೇ ಹುಕ್ಕೇರಿಯವರು ಇವತ್ತ ಅಲ್ಲವ್ವನ್ನ ನೋಡಾಕ ಬರಾಕತ್ತಾರ."

ಸಾವಂತ್ರೆವ್ವನಿಗೆ ಮೈಯೆಲ್ಲ ಉರಿಯಿತು. ಕೊಣ್ಣೂರಿನಿಂದ ಬೆಲ್ಲದ ಬಾಗೇವಾಡಿಗೆ ಚಕ್ಕಡಿಯಲ್ಲಿ ಬಂದದ್ದು ಸೋದರಮಾವನ ಬಡಾಯಿ ಕೇಳಲಿಕ್ಕಲ್ಲ. ಹೋದ ತಿಂಗಳು ಮಿಷನ್ ದವಾಖಾನೆಯ ಡಾಕ್ಟರಬಾಯಿ ಅವಳ ಎಡ ಎದೆಯ ಗಂಟನ್ನು ಒತ್ತಿ ನೋಡಿ, ಕೊಯ್ದು ತೆಗೆಯಬೇಕೆಂದಿದ್ದಳು. ಆಮೇಲೆ ಹಾಳೆಯ ಮೇಲೆ ಅವಳ ತಾಯಿಯ ಕಡೆಯ ಹೆಂಗಸರಿಗೆಲ್ಲ ಒಂದೊಂದು ಸೊನ್ನೆ ಬರೆದು, ಈ ರೋಗ ಕೆಲವು ಮನೆತನಗಳಲ್ಲಿ ಇಳಿದು ಬರುವ ಹಾಗೆ ಕಾಣುತ್ತದೆ, ಯಾರು ಎಷ್ಟು ವಯಸ್ಸಿಗೆ ಏನಾಗಿ ಸತ್ತರು ಕೇಳಿಕೊಂಡು ಬಾ ಎಂದಿದ್ದಳು.

"ಅವ್ರಿಗೆ ಏನಾಗಿತ್ರಿ, ಮಾವ?"

"ಹೆಂಗಸರ ಬ್ಯಾನಿ ನನಗೇನ ಗೊತ್ತು?"

"ವಯಸ್ಸರೆ ಹೇಳ್ರಿ."

"ಪುಣ್ಯೇವಂತರ ವಯಸ್ಸ ಯಾರ ಎಣಸ್ತಾರ?"

ಒಳಬಾಗಿಲಲ್ಲಿ ಅವನ ಹೆಂಡತಿ ಗುಡ್ಡವ್ವ ನಿಂತಿದ್ದಳು. ನಾದಿನಿಯರಿಬ್ಬರೂ ಕೊನೆಗಾಲಕ್ಕೆ ತವರಿಗೇ ಬಂದಿದ್ದರು. ಅತ್ತೆಯದೂ ಸೇರಿ ಮೂವರ ಮೈ ತೊಳೆದು, ಹಸಿರು ಸೀರೆ ಉಡಿಸಿ, ಉಡಿ ತುಂಬಿ ಕಳಿಸಿದವಳು ಅವಳೇ. ಇಷ್ಟು ವರ್ಷ ಬಾಯಿ ಹೊಲಿದುಕೊಂಡಿದ್ದಳು.

"ನಾ ಎಣಿಸೇನಿ," ಎಂದಳು. "ಪ್ಲೇಗ ಬಂದು ಹ್ವಾದ ವರ್ಷ ಅತ್ತಿ. ನಾಲ್ವತ್ತು. ಕರೆವ್ವಗ ಮೂವತ್ನಾಕು, ಇವರವ್ವಗ ಮೂವತ್ತೆಂಟು. ಮೂರೂ ಮಂದಿದು ಎದಿ ಕೊಳತಿತ್ತು. ಮೂಗಿಗೆ ಸೆರಗ ಹಿಡಕೊಂಡ ಉಡಿ ತುಂಬೇನಿ. ಹೊರಗ ಊರ ಮಂದಿ, ಎಂಥಾ ಭಾಗ್ಯ ಅಂತ ಕಾಲಿಗೆ ಬೀಳಾಕತ್ತಿತ್ತು."

"ಬಾಯಿ ಮುಚ್ಚ. ಇದು ಹುಕ್ಕೇರಿಯವರ ಕಿವಿಗೆ ಬಿದ್ರ ಮಗಳ ಕೈ ಯಾರ ಹಿಡೀತಾರ? ಅದು ಹೊರಗ ಕೊಟ್ಟ ಹೆಣಮಕ್ಕಳ ಬ್ಯಾನಿ. ಅಲ್ಲವ್ವ ನನ್ನ ಮಗಳು."

"ನಿಮ್ಮನ್ನ ಹಡದಾಕಿ ಯಾರ್ರಿ?" ಸಾವಂತ್ರೆವ್ವ ಎದ್ದು ನಿಂತಳು. "ಆಯಿಯಿಂದ ನಮ್ಮವ್ವಗ ಬಂದದ್ದು ನಿಮಗ ಬಂದಿಲ್ಲಂತ ಯಾರ ಹೇಳ್ಯಾರ? ಅಲ್ಲವ್ವನ್ನೂ ನನ್ನಂಗ ಡಾಕ್ಟರಬಾಯಿಗೆ ತೋರಸೂದು ಬಿಟ್ಟು ಲಗ್ನದ ಮಾತಾಡ್ತೀರಿ. ಕುಂಕಮ ಉಳದ್ರ ಸಾಕು, ಹುಡುಗಿ ಉಳೀದಿದ್ರೂ ನಡೀತೈತಿ ನಿಮಗ."

ಗುರುಲಿಂಗಪ್ಪ ಕೈಯೆತ್ತಿದ. ಅಷ್ಟರಲ್ಲಿ ಅಂಗಳಕ್ಕೆ ಚಕ್ಕಡಿ ಬಂದು ನಿಂತಿತು. ಎತ್ತಿದ ಕೈಯಿಂದಲೇ ರುಮಾಲು ಸರಿಮಾಡಿಕೊಂಡು, ತಂಬಿಗೆ ಹಿಡಿದು ಹೊರಗೆ ಹೋದ.

ಗುಡ್ಡವ್ವ ಅಡುಗೆಮನೆಗೆ ಹೋಗಲಿಲ್ಲ. ಹೊಸ ಸೀರೆ ಉಟ್ಟು ಕೂತಿದ್ದ ಮಗಳ ರಟ್ಟೆ ಹಿಡಿದು ಒಳಕೋಣೆಗೆ ಕರೆದೊಯ್ದಳು. ಸಾವಂತ್ರೆವ್ವನನ್ನೂ ಒಳಗೆ ಕರೆದುಕೊಂಡು ಅಗಳಿ ಹಾಕಿದಳು.

"ಹುಡುಗಿನ್ನ ಕರೀರಿ, ನೋಡೂಣು," ಎಂದರು ಹುಕ್ಕೇರಿಯ ಹಿರಿಯರು, ಕಾಲಿಗೆ ನೀರು ಹಾಕಿಸಿಕೊಳ್ಳುತ್ತ.

"ಕುಬಸದ ಗಂಟ ಬಿಚ್ಚ, ಯವ್ವಾ," ಎಂಬ ಗುಡ್ಡವ್ವನ ದನಿ ಒಳಗಿನಿಂದ ಕೇಳಿತು. "ಮೊದಲ ನಾವು ನೋಡ್ತೇವಿ."

ಗುರುಲಿಂಗಪ್ಪ ಬಗ್ಗಿಯೇ ನಿಂತಿದ್ದ. ತಂಬಿಗೆಯ ನೀರು ಮುಗಿದಿತ್ತು. ಹಿರಿಯರು ಇನ್ನೊಂದು ಕಾಲು ಮುಂದೆ ಚಾಚಿ ಕಾಯುತ್ತಿದ್ದರು.