ಮೀಟಿಂಗು ಕೇಳುವ ಹಸು

ಮನೆಯಿಂದಲೇ ಕಂಪ್ಯೂಟರ್ ಕೆಲಸ ಮಾಡುತ್ತಿದ್ದ ಸೊಸೆಯನ್ನು ಕಂಪನಿಯವರು ಆಫೀಸಿಗೆ ಕರೆಸಿಕೊಂಡರು. ಕೊಟ್ಟಿಗೆಯ ಪಕ್ಕದ ಕೋಣೆಯಿಂದ ಅವಳ ಮೀಟಿಂಗಿನ ಮಾತು ಕೇಳುತ್ತ ಹಾಲು ಕೊಟ್ಟು ರೂಢಿಯಾಗಿದ್ದ ಹಸು ಅಂದಿನಿಂದ ಕೆಚ್ಚಲು ಮುಟ್ಟಗೊಡಲಿಲ್ಲ. ಮನೆಗೆ ಮರಳಲು ಇದಕ್ಕಿಂತ ಗಟ್ಟಿ ಕಾರಣ ಬೇಕೆ? ಅವಳು ಮ್ಯಾನೇಜರ ಮುಂದೆ ನಿಂತಳು.

"ನನ್ನ ದನಿ ಕೇಳದೆ ಅದು ಹಾಲು ಕೊಡಲ್ಲ ಸಾರ್."

"ಫೋನಲ್ಲೇ ಕೇಳಿಸಮ್ಮ, ನೋಡೋಣ."

ಅತ್ತ ಮನೆಯಲ್ಲಿ ಅತ್ತೆ ಫೋನನ್ನು ಗೋದಲಿಯ ಮೇಲಿಟ್ಟು ಹಾಲು ಕರೆಯಲು ಕೂತರು. ಸೊಸೆ ಬೇಕೆಂದೇ ಪಿಸುಗುಟ್ಟಿದಳು; ಹಸು ಕಾಲು ಝಾಡಿಸಿತು. ಮ್ಯಾನೇಜರು ಅವಳ ಕೈಯಿಂದ ಫೋನು ಇಸಿದುಕೊಂಡು, ಎಲ್ಲರೂ ಆಫೀಸಿಗೇ ಬಂದರೆ ಆಗುವ ಲಾಭಗಳನ್ನು ಸಾವಕಾಶವಾಗಿ ವಿವರಿಸತೊಡಗಿದರು. ಹಸು ಕಣ್ಣು ಮುಚ್ಚಿ ಮೆಲುಕು ಹಾಕಿತು. ಚೊಂಬು ತುಂಬಿತು.

"ನೀನು ಅಲ್ಲಿಗೇ ಹೋಗ್ತಾ ಇರು ತಾಯಿ," ಎಂದರು ಅತ್ತೆ. "ಅವರಿಗೆ ಮಾತ್ರ ದಿನಾ ಹಾಲು ಕರೆಯೋ ಹೊತ್ತಿಗೆ ಫೋನ್ ಮಾಡೋಕೆ ಹೇಳು."