ಪಡುವಣ ಮೂಲೆಯ ಪ್ಯಾನಲ್

ಉಳವಿಯ ಸುರೇಂದ್ರ ಮನೆಯ ತಾರಸಿಗೆ ಸೋಲಾರ್ ಹಾಕಿಸಿದ್ದು ಅವನ ತಾಯಿ ತಿಮ್ಮಮ್ಮ ತೀರಿಕೊಂಡ ಮರುವರ್ಷ. ಮನೆಗೆ ಅಂಟಿಕೊಂಡೇ ಅವನ ಹಿಟ್ಟಿನ ಗಿರಣಿ. ಹಗಲಲ್ಲಿ ಓಡುವ ಗಿರಣಿಗೆ ಬಿಸಿಲಿನ ಕರೆಂಟೇ ಸರಿ ಎಂಬುದು ಅವನ ಎಣಿಕೆ. ಸೊರಬದ ತೀರ್ಥೇಶ್ ತನ್ನ ಜನರೊಂದಿಗೆ ಬಂದು ಪ್ಯಾನಲ್ ಕೂರಿಸಿದ. ಕರೆಂಟು ಎಷ್ಟು ಹುಟ್ಟುತ್ತಿದೆಯೆಂದು ಮೊಬೈಲಿನಲ್ಲಿ ನೋಡುವುದನ್ನು ಸುರೇಂದ್ರನ ಹೆಂಡತಿ ಮಾಲಾಗೆ ಕಲಿಸಿಕೊಟ್ಟು ಹೋದ.

ಮೊದಲು ಗಮನಿಸಿದವಳು ಅವಳೇ. ಬೆಳಿಗ್ಗೆಯಿಂದ ಏರುತ್ತ ಬಂದ ಮೊಬೈಲಿನ ಗೆರೆ, ಮೋಡದ ಚೂರೂ ಇಲ್ಲದ ಮಟಮಟ ಮಧ್ಯಾಹ್ನದಲ್ಲಿ ಥಟ್ಟನೆ ಕುಸಿಯುತ್ತಿತ್ತು. ಇಳಿಹೊತ್ತಿಗೆ ತಾನಾಗಿ ಸರಿಹೋಗುತ್ತಿತ್ತು. ದಿನವೂ ಇದೇ.

ತೀರ್ಥೇಶನನ್ನು ಕರೆಸಿದರು. ಅವನು ಒಂದೊಂದನ್ನೇ ಪರೀಕ್ಷಿಸಿ, ಪಡುವಣ ಮೂಲೆಯದು ಕೆಟ್ಟಿರಬೇಕೆಂದು ಅಲ್ಲಿ ಹೊಸ ಪ್ಯಾನಲ್ ಹಾಕಿದ. ಮರುದಿನವೂ ಗೆರೆ ಕುಸಿಯಿತು. ಮತ್ತೆ ಬಂದವನು ಈ ಸಲ ಮಧ್ಯಾಹ್ನದವರೆಗೆ ತಾರಸಿಯಲ್ಲೇ ಕಾದ. ಕೆಳಗಿಳಿದಾಗ ಅವನ ಮುಖ ಬಿಳುಚಿಕೊಂಡಿತ್ತು.

“ಅಕ್ಕ, ಉಳಿದಿದ್ದೆಲ್ಲ ಕೈಯಿಟ್ರೆ ಸುಡ್ತಾವೆ. ಅದೊಂದು ತಣ್ಣಗಿದೆ. ಯಾರೋ ಅಡ್ಡ ಕೂತಂಗೆ.”

ಸುತ್ತ ಮರವಾಗಲಿ ನೀರಿನ ಟ್ಯಾಂಕಾಗಲಿ ಇರಲಿಲ್ಲ.

ಮಾಲಾಗೆ ಹೊಳೆದದ್ದೇ ಬೇರೆ. ಹಿಂದಿನ ಬೇಸಿಗೆಯಲ್ಲಿ ಗಂಡ ಹೆಂಡತಿ ಶಿಕಾರಿಪುರಕ್ಕೆ ಮದುವೆಗೆ ಹೋದ ದಿನ, ತಿಮ್ಮಮ್ಮ ಹುಣಸೆಹಣ್ಣು ಒಣಹಾಕಲು ಮೇಲೆ ಹತ್ತಿದ್ದರು. ಅಲ್ಲೇ ಎದೆ ಹಿಡಿದುಕೊಂಡು, ಆ ಮೂಲೆಯ ಗಿಡ್ಡ ಗೋಡೆಗೆ ಒರಗಿ ಕೂತವರು ಮತ್ತೆ ಏಳಲಿಲ್ಲ. ದಾರಿಯಲ್ಲಿ ಹೋಗುವವರೆಲ್ಲ ನೋಡಿದ್ದರು; ಕೋತಿ ಬಾರದಂತೆ ಅಜ್ಜಿ ಕಾವಲು ಕೂತಿದೆ ಎಂದುಕೊಂಡಿದ್ದರು.

ಅವಳು ಇದನ್ನು ನೆನಪಿಸಿದಾಗ ಸುರೇಂದ್ರ ಗದರಿದ, ವೈರಿಂಗಿನ ದೋಷವಿರಬೇಕೆಂದ. ಆದರೆ ಮರುದಿನ ಗಿರಣಿ ನಿಲ್ಲಿಸಿ, ನೆತ್ತಿಯ ಮೇಲೆ ಸೂರ್ಯ ಬಂದ ಹೊತ್ತಿಗೆ ಒಬ್ಬನೇ ಮೇಲೆ ಹೋದ. ಊಟದ ಹೊತ್ತು ಮೀರಿದರೂ ಬರಲಿಲ್ಲ. ಮಾಲಾ ಮೆಟ್ಟಿಲಿನ ಬುಡಕ್ಕೆ ಬಂದಳು. ಮೇಲೆ ಅವನು ಮೆಲ್ಲಗೆ ಮಾತಾಡುತ್ತಿದ್ದ; ನಡುನಡುವೆ, ಎದುರಿನವರ ಮಾತು ಕೇಳುವವನಂತೆ ತಡೆದು ನಿಲ್ಲುತ್ತಿದ್ದ. ಅವಳು ಹತ್ತದೆ ಕೆಳಗೇ ಕಾದಳು.

ಇಳಿದು ಬಂದವನ ಕಣ್ಣು ಕೆಂಪಾಗಿದ್ದವು.

“ತೀರ್ಥೇಶಂಗೆ ಫೋನ್ ಮಾಡು. ಆ ಮೂಲೇದು ತೆಗೀಲಿ.”

“ಏನು ಕಂಡ್ರಿ?”

“ಅವ್ವ ಇನ್ನೂ ಇಳಿದಿಲ್ಲ ಕಣೆ. ಮದುವೆಯಿಂದ ಯಾವಾಗ ಬಂದ್ರಿ ಅಂತ ಕೇಳಿದ್ಲು.”

ತೀರ್ಥೇಶ್ ಬಂದು ಆ ಪ್ಯಾನಲನ್ನು ಬಿಚ್ಚಿ ಕೊಟ್ಟಿಗೆಯ ಮೇಲೆ ಕೂರಿಸಿದ. ಆಮೇಲೆ ಗೆರೆ ಕುಸಿದಿಲ್ಲ. ಅತ್ತೆ ಹೋದರೋ, ಅಲ್ಲೇ ಇದ್ದಾರೋ ಎಂದು ತಿಳಿಯುವ ದಾರಿಯೂ ಮಾಲಾಗೆ ಈಗ ಉಳಿದಿಲ್ಲ. ಸುರೇಂದ್ರ ಮಾತ್ರ ಮಧ್ಯಾಹ್ನ ಒಂದು ಚೊಂಬು ಮಜ್ಜಿಗೆ ಹಿಡಿದು ಮೇಲೆ ಹೋಗುತ್ತಾನೆ, ಬರಿ ಚೊಂಬು ತರುತ್ತಾನೆ. ಅವನು ಹುಟ್ಟಿದಾಗಿನಿಂದ ಮಜ್ಜಿಗೆ ಮುಟ್ಟಿದವನಲ್ಲ. ಮಾಲಾ ಚೊಂಬು ತೊಳೆದು ಬೋರಲು ಹಾಕುತ್ತಾಳೆ.