ನುಗ್ಗೆಗಿಡದ ಬುಡದ ಸಾಕ್ಷಿ

ನಾನು ಒಂದು ಪ್ರೊಟೀನು. ಗುಳೇದಗುಡ್ಡದ ನೇಕಾರ ಹೆಂಗಸು ಸಾವಂತ್ರೆವ್ವನ ಗರ್ಭಕೋಶದ ಸ್ನಾಯುವಿನಲ್ಲಿ ಹುಟ್ಟಿದೆ. ನನ್ನ ಆಯುಷ್ಯ ಒಂದು ಗಳಿಗೆ. ನಾನು ಹೋದೊಡನೆ ಕೋಶದೊಳಗಿನ ಜೀನೆಂಬ ಅದೇ ಅಚ್ಚಿನಿಂದ ಮತ್ತೆ ನಾನೇ ಬರುತ್ತೇನೆ. ಶಿವ ನನಗೊಪ್ಪಿಸಿದ ಕಾಯಕ ಒಂದೇ: ಕೆಟ್ಟ ಕೋಶವನ್ನು ಬೆಳೆಯಗೊಡಬಾರದು. ತಡೆದರೂ ಕೇಳದಿದ್ದರೆ ಸಾಯಿಸಬೇಕು.

ಮೂರು ಹೆರಿಗೆಗಳನ್ನು ಒಳಗಿನಿಂದಲೇ ಕಂಡೆ. ಪ್ರತಿ ಸಲವೂ ಅವಳ ಗಂಡ ಮಹಾಂತಪ್ಪ ಕೂಸಿನ ಹಿಂದೆ ಬಿದ್ದ ಮಾಸನ್ನು ಹಿತ್ತಲ ನುಗ್ಗೆಗಿಡದ ಬುಡದಲ್ಲಿ ಅರಿಸಿನ ಕುಂಕುಮ ಹಾಕಿ ಹೂಳುತ್ತಿದ್ದ.

ಅವಳಿಗೆ ನಲವತ್ತೆಂಟಾದಾಗ ಒಂದು ಕೋಶದಲ್ಲಿ ನನ್ನ ಅಚ್ಚು ಮುರಿಯಿತು. ಅಲ್ಲಿ ನಾನು ಮತ್ತೆ ಹುಟ್ಟಲಿಲ್ಲ. ಕಾವಲಿಲ್ಲದ ಆ ಕೋಶ ಎರಡಾಯಿತು, ನಾಲ್ಕಾಯಿತು, ತೆಂಗಿನಕಾಯಿಯಷ್ಟು ಗಡ್ಡೆಯಾಯಿತು. ಪಕ್ಕದ ಕೋಶದಲ್ಲಿದ್ದೂ ನಾನೇನು ಮಾಡಲಿ? ಗೋಡೆ ದಾಟುವ ಅಪ್ಪಣೆ ನನಗಿಲ್ಲ.

ಗಡ್ಡೆಸಮೇತ ಗರ್ಭಕೋಶ ತೆಗೆದ ಡಾಕ್ಟರು ಅದನ್ನು ಡಬ್ಬಿಯಲ್ಲಿಟ್ಟು ಮಹಾಂತಪ್ಪನ ಕೈಗೆ ಕೊಟ್ಟರು. "ಬಾಗಲಕೋಟಿ ಲ್ಯಾಬಿಗೆ ಮುಟ್ಟಸ್ರಿ. ಸಾದಾ ಗಡ್ಡಿನೇ ಇರಬೇಕು, ಆದ್ರೂ ನೋಡೂಣು."

ಅಲ್ಲಿ ಬಣ್ಣ ಹಾಕಿ ನೋಡಿದರೆ ಗಡ್ಡೆಯೊಳಗೆ ನಾನಿಲ್ಲದ್ದು, ಅದು ಕ್ಯಾನ್ಸರ್ ಎಂಬುದು ತಿಳಿದೀತು. ಅದೊಂದೇ ಆಸೆ ನನಗೆ.

ಆಸ್ಪತ್ರೆಯ ಮೆಟ್ಟಿಲಲ್ಲಿ ಮಹಾಂತಪ್ಪನ ತಾಯಿ ನೀಲವ್ವ ಡಬ್ಬಿಗೆ ಕೈಮುಗಿದಳು. "ನನ್ನ ಮೂರು ಮೊಮ್ಮಕ್ಕಳು ಮಲಗಿದ್ದ ತೊಟ್ಟಿಲೋ ಯಪ್ಪಾ! ಇದನ್ನ ಯಾರೋ ಕೊಯ್ದು ನೋಡೂದು ಬ್ಯಾಡ."

"ಸಾದಾ ಗಡ್ಡಿ ಅಂದಾರಲ್ಲ ಬಿಡವ್ವಾ," ಎಂದ ಮಹಾಂತಪ್ಪ. ಬಸ್ಸು ಹತ್ತಲಿಲ್ಲ. ನುಗ್ಗೆಯ ಬುಡ ಅಗೆದು, ಮಾಸುಗಳ ಪಕ್ಕದಲ್ಲಿ ಹೂಳಿ, ಊದಿನಕಡ್ಡಿ ಹಚ್ಚಿದ. ಮಣ್ಣಿನಲ್ಲಿ ನಾನು ಕರಗಿದೆ.

ಆದರೆ ಅದೇ ಅಚ್ಚು ಇರುವ ಅವಳ ಮೈಯ ಉಳಿದ ಕೋಶಗಳಲ್ಲೂ ನಾನಿದ್ದೆನಲ್ಲ! ವರ್ಷದೊಳಗೆ, ಗಡ್ಡೆಯಿಂದ ಮೊದಲೇ ತಪ್ಪಿಸಿಕೊಂಡಿದ್ದ ಕೋಶಗಳು ಶ್ವಾಸಕೋಶದಲ್ಲಿ ಬೀಡುಬಿಟ್ಟಿದ್ದನ್ನು ಕಂಡೆ. ಸಾವಂತ್ರೆವ್ವ ಕೆಮ್ಮತೊಡಗಿದಳು. ಬೇರೊಬ್ಬ ಡಾಕ್ಟರು ಎಕ್ಸ್‌ರೇ ಎತ್ತಿಹಿಡಿದು ಕೇಳಿದರು, "ಹೋದ ವರ್ಷದ ಗಡ್ಡಿ ರಿಪೋರ್ಟ್ ಎಲ್ಲೈತಿ?"

"ಮಣ್ಣ ಮಾಡೀವ್ರೀ ಸಾಹೇಬ್ರ," ಎಂದ ಮಹಾಂತಪ್ಪ. "ಪೂಜಿ ಮಾಡಿ."

ಡಾಕ್ಟರು ಬೈಯಲಿಲ್ಲ. ಅವರು ಬೈದಿದ್ದರೇ ಅವನಿಗೆ ಹಗುರಾಗುತ್ತಿತ್ತೇನೋ.

ಮನೆಗೆ ಬಂದವನು ಹೆಂಡತಿಯ ಮಂಚದ ಬಳಿ ಕುಸಿದು ಅತ್ತ. ಅವಳು ಕೆಮ್ಮುತ್ತಲೇ ನಕ್ಕಳು. "ಅಳಬ್ಯಾಡ್ರಿ. ಅರ್ಧಾ ಹೆಂಡ್ತೀನ ಆಗಲೇ ಮಣ್ಣ ಮಾಡೀರಿ. ಉಳಿದರ್ಧಾನೂ ಅದರ ಬಾಜೂಕ ಹಾಕ್ರಿ."

ಈಗ ನಾನು ಅವಳ ಬೆರಳಿನ ಕೋಶವೊಂದರಲ್ಲಿ ಹುಟ್ಟಿದ್ದೇನೆ. ಮೂವತ್ತು ವರ್ಷ ಲಾಳಿ ಹಿಡಿದ ಬೆರಳು; ಇಲ್ಲಿ ನನ್ನ ಕಾವಲು ತಪ್ಪಿಲ್ಲ. ಅದು ಮಹಾಂತಪ್ಪನ ತಲೆಯನ್ನು ಮೆಲ್ಲಗೆ ಸವರುತ್ತಿದೆ. ನನ್ನ ಗಳಿಗೆ ಮುಗಿಯುತ್ತ ಬಂತು. ಶಿವಾ, ಇನ್ನೊಂದು ಗಳಿಗೆ ನನ್ನನ್ನು ಇಲ್ಲೇ ಹುಟ್ಟಿಸು.